ಡೊಂಬಿವಲಿಯ 40 ಹಾಸಿಗೆಯ ಟ್ರಸ್ಟ್ ಆಸ್ಪತ್ರೆ: ಫೈರ್ ಕೆಲಸ, ಲಿಫ್ಟ್, ಸಿಟಿ ಸ್ಕ್ಯಾನಿಗೆ ದುಡ್ಡು ಎಲ್ಲಿಂದ ತರುವುದು?

ಕೇಳಿದವರು: ಗದಗಿನ ಸೊಸೆ (ಡೊಂಬಿವಲಿ)

ಎಲ್ಲರಿಗೂ ನಮಸ್ಕಾರ. ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯಲ್ಲಿ ನಾನು ಆಡಳಿತ, ಲೆಕ್ಕಪತ್ರ ಎರಡೂ ನೋಡಿಕೊಳ್ಳುತ್ತೇನೆ. ಹೆಸರು ಇಲ್ಲಿ ಬೇಡ. 40 ಹಾಸಿಗೆ. ನಮ್ಮ ಹೋಟೆಲಿನವರು, ಬ್ಯಾಂಕ್ ನೌಕರರು, ಶಾಲೆ ಮೇಷ್ಟ್ರುಗಳು ವಂತಿಗೆ ಎತ್ತಿ ಕಟ್ಟಿದ ಆಸ್ಪತ್ರೆ ಇದು. ಅಕ್ಕಪಕ್ಕದ ಮರಾಠಿ ಮನೆಗಳವರೂ ಕೊಟ್ಟಿದ್ದಾರೆ. ಹೆರಿಗೆ, ಮಕ್ಕಳ ವಿಭಾಗ, ಮೂಳೆ, ಜನರಲ್ ಸರ್ಜರಿ ಚೆನ್ನಾಗಿ ನಡೆಯುತ್ತವೆ. ಹಾಸಿಗೆ ಖಾಲಿ ಬೀಳುವುದು ಕಡಿಮೆ.

ಸಂಬಳ, ಔಷಧಿ, ಕರೆಂಟ್ ಬಿಲ್ಲು ದಿನದ ಗಳಿಕೆಯಲ್ಲಿ ಸರಿದೂಗುತ್ತದೆ. ಕಷ್ಟ ಇರುವುದು ದೊಡ್ಡ ಖರ್ಚಿನದು. ಈಗ ಮೂರು ಕೆಲಸ ಒಟ್ಟಿಗೆ ಬಂದು ನಿಂತಿವೆ. ಮೊದಲನೆಯದು ಫೈರ್ ಸೇಫ್ಟಿ. ಸ್ಪ್ರಿಂಕ್ಲರ್, ಹೊಗೆ ಡಿಟೆಕ್ಟರ್, ಹೊರಗಿನಿಂದ ಇನ್ನೊಂದು ಮೆಟ್ಟಿಲು ಸೇರಿ ಕೊಟೇಶನ್ 58 ಲಕ್ಷ. ಆಮೇಲೆ ಲಿಫ್ಟ್, 24 ಲಕ್ಷ. ಈಗಿರುವ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುವುದಿಲ್ಲ. ಸಿಸೇರಿಯನ್ ಆದ ಹೆಂಗಸರನ್ನು ಕುರ್ಚಿಯಲ್ಲಿ ಕೂರಿಸಿ, ಹುಡುಗರು ಎತ್ತಿಕೊಂಡು ಮೆಟ್ಟಿಲು ಇಳಿಸುತ್ತಾರೆ. ನನಗೆ ಅದನ್ನು ನೋಡುವುದಕ್ಕೇ ಆಗುವುದಿಲ್ಲ. ಮೂರನೆಯದು ಸಿಟಿ ಸ್ಕ್ಯಾನ್. 32 ಸ್ಲೈಸಿನ ಹೊಸ ಯಂತ್ರಕ್ಕೆ ಕೋಣೆಯ ಕೆಲಸವೂ ಸೇರಿ 1.7 ಕೋಟಿ. ರಾತ್ರಿ ಹೊತ್ತು ತಲೆಗೆ ಪೆಟ್ಟು ಬಿದ್ದವರು ಬಂದರೆ ಈಗ ಆಂಬುಲೆನ್ಸಿನಲ್ಲಿ ಪಕ್ಕದ ಊರು ಕಲ್ಯಾಣಕ್ಕೆ ಕಳಿಸುತ್ತೇವೆ.

ಬ್ಯಾಂಕಿಗೆ ಹೋದೆವು. ಜಾಗ ಅಡವಿಡಬೇಕು, ಜೊತೆಗೆ ಎಲ್ಲಾ ಟ್ರಸ್ಟಿಗಳ ಸ್ವಂತ ಜಾಮೀನು ಬೇಕು ಅಂದರು. ನಮ್ಮ ಟ್ರಸ್ಟಿಗಳಲ್ಲಿ ಮುಕ್ಕಾಲು ಜನ 70 ದಾಟಿದವರು. ಒಂದು ಪೈಸೆ ತೆಗೆದುಕೊಳ್ಳದೆ ದುಡಿಯುವ ಹಿರಿಯರ ಮನೆಮಠದ ಮೇಲೆ ಸಾಲ ಹೊರಿಸುವುದು ನ್ಯಾಯ ಅಲ್ಲ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಲೆಕ್ಕ ಹೇಳಿಬಿಡುತ್ತೇನೆ. ಸವಕಳಿ (ಯಂತ್ರ, ಕಟ್ಟಡ ಹಳೆಯದಾಗುತ್ತಾ ಬೆಲೆ ಇಳಿಯುವ ಲೆಕ್ಕ) ಕಳೆಯುವ ಮುಂಚೆ ವರ್ಷಕ್ಕೆ 38 ಲಕ್ಷ ಉಳಿಯುತ್ತದೆ. ಇನ್ಶೂರೆನ್ಸ್ ಕಂಪನಿಗಳಿಂದ, ಸರ್ಕಾರಿ ಯೋಜನೆಗಳಿಂದ ಬರಬೇಕಾದ ಬಾಕಿ 46 ಲಕ್ಷ. ಬಡ ರೋಗಿಗಳ ನಿಧಿ, ಅಂದರೆ ಐಪಿಎಫ್ ಖಾತೆಯಲ್ಲಿ 31 ಲಕ್ಷ ಸುಮ್ನೆ ಕೂತಿದೆ. ಅದನ್ನು ಲಿಫ್ಟಿಗೆ ಬಳಸಬಹುದಾ? ನಮ್ಮ ಹೋಟೆಲಿನವರಿಂದ ಬಡ್ಡಿ ಇಲ್ಲದ ಕೈಸಾಲ ತೆಗೆದುಕೊಳ್ಳಬಹುದಾ? ಒಬ್ಬ ಸಪ್ಲೈಯರ್ 'ಸಿಟಿ ಯಂತ್ರ ನಾವೇ ಹಾಕುತ್ತೇವೆ, ಗಳಿಕೆಯಲ್ಲಿ ಪಾಲು ಕೊಡಿ' ಅನ್ನುತ್ತಿದ್ದಾನೆ. ಅದು ಒಳ್ಳೆಯದಾ? ಗೊತ್ತಿದ್ದವರು ದಯವಿಟ್ಟು ಹೇಳಿ.


ಕಲ್ಯಾಣದ ಡಾಕ್ಟರ್

ಮೇಡಂ, ನಮ್ಮದು ಟ್ರಸ್ಟ್ ಅಲ್ಲ, ನನ್ನ ಹೆಸರಿನ 18 ಹಾಸಿಗೆಯ ನರ್ಸಿಂಗ್ ಹೋಂ. ನನ್ನಂಥವರಿಗೆ ಇರುವ ದಾರಿ ಹೇಳುತ್ತೇನೆ, ಬೇರೆ ಯಾರಿಗಾದರೂ ಉಪಯೋಗವಾಗಲಿ. ಸಣ್ಣ ಉದ್ದಿಮೆ ಅಂತ ಉದ್ಯಮ್ ರಿಜಿಸ್ಟ್ರೇಶನ್ ಮಾಡಿಸಿ, ಸಿಜಿಟಿಎಂಎಸ್‌ಇ ಅನ್ನುವ ಸಣ್ಣ ಉದ್ದಿಮೆಗಳ ಸಾಲದ ಗ್ಯಾರಂಟಿ ಯೋಜನೆಯಲ್ಲಿ ಸಾಲ ಎತ್ತಿದೆ. ಆಸ್ತಿ ಅಡವಿಡಲಿಲ್ಲ. ಗ್ಯಾರಂಟಿಯ ಮಿತಿ ಮೊದಲು 2 ಕೋಟಿ ಇತ್ತು. 2023ರ ಏಪ್ರಿಲಿನಿಂದ 5 ಕೋಟಿ ಆಯಿತು, 2025ರ ಏಪ್ರಿಲಿನಿಂದ 10 ಕೋಟಿ. ಒಂದು ವಿಷಯ ನೆನಪಿರಲಿ. ಆ ಗ್ಯಾರಂಟಿ ಬ್ಯಾಂಕಿಗೆ ಸಿಗುವುದು, ನಮಗಲ್ಲ. ಸಾಲ ಕೆಟ್ಟರೆ ಬ್ಯಾಂಕು ನಮ್ಮ ಬೆನ್ನು ಬಿಡುವುದಿಲ್ಲ. ವರ್ಷಾವರ್ಷ ಗ್ಯಾರಂಟಿ ಫೀಸು ಬೇರೆ ಕಟ್ಟಬೇಕು.


ಮಾಟುಂಗಾ ಮಾಜಿ ಬ್ಯಾಂಕರ್

ಅಮ್ಮಾ, ನಾನು ಬ್ಯಾಂಕಿನ ಸಾಲ ವಿಭಾಗದಲ್ಲೇ ಇದ್ದು ನಿವೃತ್ತನಾದವನು. ಆಸ್ಪತ್ರೆಗಳ ಫೈಲು ತುಂಬಾ ನೋಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಬ್ಯಾಂಕಿನವರ ಕಣ್ಣಿಗೆ ನಿಮ್ಮ ಲೆಕ್ಕ ಹೇಗೆ ಕಾಣುತ್ತದೆ ಅಂತ ನೋಡಿ. ಸಿಟಿಗೆ 1.3 ಕೋಟಿ ಸಾಲ ಕೇಳಿದಿರಿ ಅಂತ ಇಟ್ಟುಕೊಳ್ಳೋಣ. ಶೇ. 11 ಬಡ್ಡಿ, ಐದು ವರ್ಷ. ತಿಂಗಳ ಕಂತು ಸುಮಾರು 2.83 ಲಕ್ಷ. ವರ್ಷಕ್ಕೆ 34 ಲಕ್ಷ. ನಿಮ್ಮ ಉಳಿಕೆ 38 ಲಕ್ಷ. ಅಂದರೆ ಕಂತು ಕಟ್ಟಿದ ಮೇಲೆ ನಾಲ್ಕು ಲಕ್ಷ ಉಳಿಯಿತು. ಒಂದು ಎ.ಸಿ. ಪ್ಲಾಂಟ್ ಕೆಟ್ಟರೆ ಮುಗಿಯಿತು. ಬ್ಯಾಂಕಿಗೆ ಬೇಕಾಗಿರುವುದು ಕಂತಿನ ಒಂದೂವರೆ ಪಟ್ಟು ಗಳಿಕೆ, 51 ಲಕ್ಷ. ಅದು ಕಾಣದಿದ್ದಾಗ ಜಾಗ ಕೇಳುತ್ತಾರೆ, ಜಾಮೀನು ಕೇಳುತ್ತಾರೆ. ಅವರು ಕೆಟ್ಟವರು ಅಂತಲ್ಲ ಮಾರಾಯ್ರೇ, ಲೆಕ್ಕ ಅಲ್ಲಿ ತೆಳ್ಳಗಿದೆ.

ಆದರೆ ಆ ಲೆಕ್ಕದಲ್ಲಿ ಸಿಟಿ ತರುವ ಗಳಿಕೆ ಸೇರಿಲ್ಲ ಅಲ್ವಾ? ಅದನ್ನು ನೀವೇ ತೋರಿಸಬೇಕು. ಕಂತು 2.83 ಲಕ್ಷ. ವಾರಂಟಿ ಮುಗಿದ ಮೇಲೆ ಸಿಎಂಸಿ (ರಿಪೇರಿ, ಬಿಡಿಭಾಗ ಸೇರಿದ ವಾರ್ಷಿಕ ಕಾಂಟ್ರಾಕ್ಟ್) ವರ್ಷಕ್ಕೆ 10 ಲಕ್ಷ ಅಂತ ಹಿಡಿದರೆ ತಿಂಗಳಿಗೆ 83 ಸಾವಿರ. ಟೆಕ್ನಿಷಿಯನ್‌ಗಳಿಗೆ ಒಂದು ಲಕ್ಷ, ಕರೆಂಟಿಗೆ 50 ಸಾವಿರ. ಒಟ್ಟು 5.16 ಲಕ್ಷ. ರೇಡಿಯಾಲಜಿಸ್ಟ್ ಫೀಸು, ಫಿಲ್ಮು, ರಿಯಾಯಿತಿ ಎಲ್ಲಾ ಕಳೆದು ಒಂದು ಸ್ಕ್ಯಾನಿಗೆ 1,500 ರೂಪಾಯಿ ಕೈಗೆ ಉಳಿಯುತ್ತದೆ ಅಂದುಕೊಳ್ಳಿ. ತಿಂಗಳಿಗೆ 344 ಸ್ಕ್ಯಾನ್ ಆಗಬೇಕು. ದಿನಕ್ಕೆ ಹನ್ನೊಂದು, ಹನ್ನೆರಡು, ಭಾನುವಾರವೂ ಸೇರಿ. ನೀವು ಕಲ್ಯಾಣಕ್ಕೆ ಕಳಿಸಿದ ರೋಗಿಗಳ ಲೆಕ್ಕ ರಿಜಿಸ್ಟರಿನಲ್ಲಿ ಇರುತ್ತದೆ. ಒಂದು ವರ್ಷದ್ದು ತೆಗೆದು ಎಣಿಸಿ. ದಿನಕ್ಕೆ ನಾಲ್ಕೇ ಇದ್ದರೆ ಈ ಯಂತ್ರ ನಿಮ್ಮನ್ನು ನುಂಗುತ್ತದೆ. ಎಂಟು, ಹತ್ತು ಇದ್ದು, ಹತ್ತಿರದ ನರ್ಸಿಂಗ್ ಹೋಮಿನವರೂ ಕಳಿಸುತ್ತೇವೆ ಅಂತ ಬರೆದುಕೊಟ್ಟರೆ ಬ್ಯಾಂಕಿಗೆ ಹೋಗಬಹುದು.

ಈಗ ಮುಖ್ಯ ಮಾತು. ನಿಮ್ಮ ಮೂರು ಕೆಲಸವನ್ನು ಒಂದೇ ಅರ್ಜಿಯಲ್ಲಿ ಕಟ್ಟಬೇಡಿ. ಸಿಟಿ ದುಡಿಯುತ್ತದೆ. ಸ್ಪ್ರಿಂಕ್ಲರ್, ಮೆಟ್ಟಿಲು, ಲಿಫ್ಟ್ ದುಡಿಯುವುದಿಲ್ಲ. ದುಡಿಯುವುದಕ್ಕೆ ಸಾಲ ಮಾಡಿ, ದುಡಿಯದಿರುವುದಕ್ಕೆ ದೇಣಿಗೆ ಎತ್ತಿ. ನಾನು ನೋಡಿದ ಮಟ್ಟಿಗೆ ಸಣ್ಣ ಟ್ರಸ್ಟ್ ಆಸ್ಪತ್ರೆಗಳು ಮಾಡುವುದು ಇದರ ಉಲ್ಟಾ. ಯಂತ್ರಕ್ಕೆ ದಾನಿಗಳ ಹೆಸರು ಹಾಕಿ ದುಡ್ಡು ಎತ್ತುತ್ತಾರೆ, ಫೈರ್ ಕೆಲಸಕ್ಕೆ ಸಾಲ ಮಾಡುತ್ತಾರೆ. ಆ ಸಾಲ ತೀರಿಸುವುದಕ್ಕೆ ಆಮೇಲೆ ಹಾಸಿಗೆ ದರ ಏರಿಸುತ್ತಾರೆ. ಕೊನೆಗೆ ಅದನ್ನು ಹೊರುವವರು ರೋಗಿಗಳು.

ಫೈರ್ ಕೆಲಸ ಮುಂದೂಡುವ ಮಾತೇ ಬೇಡ. 2021ರ ಜನವರಿ 9ರಂದು ಭಂಡಾರಾ ಜಿಲ್ಲಾ ಆಸ್ಪತ್ರೆಯಲ್ಲಿ ಬೆಂಕಿ ಬಿದ್ದು ಹತ್ತು ಹಸುಗೂಸುಗಳು ಹೋದವು. ನಿಮ್ಮದೂ ಹೆರಿಗೆ, ಮಕ್ಕಳ ಆಸ್ಪತ್ರೆ. ಮೂರು ವರ್ಷಕ್ಕೊಮ್ಮೆ ನರ್ಸಿಂಗ್ ಹೋಂ ರಿಜಿಸ್ಟ್ರೇಶನ್ ನವೀಕರಿಸುವಾಗ ಫೈರ್ ಕಾಗದ ಕೇಳುತ್ತಾರೆ, ಅದು ಬೇರೆ. ಅದಕ್ಕಿಂತ ಮುಂಚೆ ಆ ಕೂಸುಗಳ ನೆನಪು ಬರಬೇಕು.

ದೊಡ್ಡವರ ದಾರಿಯೇ ಬೇರೆ. ನಮ್ಮ ಥಾಣೆಯ ಜ್ಯೂಪಿಟರ್ ಆಸ್ಪತ್ರೆ 2023ರ ಸೆಪ್ಟೆಂಬರಿನಲ್ಲಿ ಶೇರು ಮಾರುಕಟ್ಟೆಗೆ ಬಂತು. ಹೊಸ ಶೇರಿನಿಂದ 542 ಕೋಟಿ ಎತ್ತಿದರು, ಅದರ ಬಹುಪಾಲು ಹಳೆ ಸಾಲ ತೀರಿಸಲಿಕ್ಕೆ. ಟ್ರಸ್ಟಿಗೆ ಶೇರೇ ಇಲ್ಲ, ಪಾಲುದಾರರಿಲ್ಲ. ಹಾಗಾಗಿ ಸಾಲ, ದೇಣಿಗೆ, ತನ್ನ ಉಳಿತಾಯ, ಇಷ್ಟೇ ಅದಕ್ಕಿರುವ ಮೂಲಗಳು.

ಮುಂಬಯಿಯಲ್ಲಿ ದೇಣಿಗೆಯಿಂದ ಎದ್ದ ಆಸ್ಪತ್ರೆ ಎಷ್ಟಿವೆ ಯೋಚಿಸಿ. ಜಮ್ಶೇಟ್ಜಿ ಜೀಜೀಭಾಯಿ ಕೊಟ್ಟ ದುಡ್ಡಿನಿಂದ 1845ರಲ್ಲಿ ಜೆ.ಜೆ. ಶುರುವಾಯಿತು. ಪರೇಲಿನ ಟಾಟಾ ಮೆಮೋರಿಯಲ್ 1941ರಲ್ಲಿ ಟಾಟಾ ಟ್ರಸ್ಟಿನ ದುಡ್ಡಿನಿಂದ ಶುರುವಾದದ್ದು. 1957ರಲ್ಲಿ ಅದು ಕೇಂದ್ರದ ಆರೋಗ್ಯ ಇಲಾಖೆಗೆ ಹೋಯಿತು, 1962ರಲ್ಲಿ ಅಣುಶಕ್ತಿ ಇಲಾಖೆಗೆ. ಕ್ಯಾನ್ಸರ್ ಚಿಕಿತ್ಸೆಯ ಯಂತ್ರಗಳನ್ನು ಮತ್ತೆ ಮತ್ತೆ ಬದಲಿಸುವ ಖರ್ಚು ಎಷ್ಟು ದೊಡ್ಡ ದಾನಿಗೂ ಭಾರವೇ. ಕಟ್ಟಡಕ್ಕೆ ಒಂದು ಸಲ ಜನ ಕೊಡುತ್ತಾರೆ, ಸವಕಳಿಗೆ ಯಾರೂ ಕೊಡುವುದಿಲ್ಲ. ಅದಕ್ಕೇ ಹೇಳುವುದು, ವರ್ಷಾವರ್ಷ ಸವಕಳಿಯಷ್ಟು ದುಡ್ಡನ್ನು ಪುಸ್ತಕದಲ್ಲಿ ಬರೆದು ಸುಮ್ಮನಾಗಬೇಡಿ. ನಿಜವಾಗಿ ಎಫ್‌ಡಿ ಮಾಡಿಡಿ. ಐದು ಲಕ್ಷವೇ ಆಗಲಿ. ಬ್ಯಾಂಕಿನವರು ಅದನ್ನು ನೋಡಿದರೆ ನಿಮ್ಮ ಮೇಲಿನ ನಂಬಿಕೆ ತಾನಾಗಿ ಬರುತ್ತದೆ.

ಬಾಕಿ 46 ಲಕ್ಷದ ಬಗ್ಗೆ ಒಂದು ಮಾತು. ಕ್ಲೇಮಿನ ದುಡ್ಡು ಯಾವಾಗ ಬೇಕಾದರೂ ಬರಲಿ, ಕಂತಿನ ತಾರೀಕು ಕಾಯುವುದಿಲ್ಲ. ತಡವಾದ ಮೊದಲ ದಿನದಿಂದಲೇ ಖಾತೆ ಎಸ್‌ಎಂಎ, ಅಂದರೆ ಬ್ಯಾಂಕು ಕಣ್ಣಿಡುವ ಖಾತೆಗಳ ಪಟ್ಟಿಗೆ ಬರುತ್ತದೆ, 90 ದಿನ ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಆರು ತಿಂಗಳ ಕಂತು, ಅಂದರೆ 17 ಲಕ್ಷ, ಬದಿಗಿಡುವವರೆಗೂ ಸಾಲದ ಕಾಗದಕ್ಕೆ ಸಹಿ ಹಾಕಬೇಡಿ.


ಪುಣೆಯ ಸಿಎ

ಮೇಲಿನ ಸರ್ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಕಾನೂನಿನ ಕಡೆಯದು ನಾನು ಹೇಳುತ್ತೇನೆ.

ಐಪಿಎಫ್ ಮುಟ್ಟಬೇಡಿ ಮೇಡಂ. ಲಿಫ್ಟಿಗೂ ಬೇಡ, ಸಿಟಿಗೂ ಬೇಡ. 2006ರಲ್ಲಿ ಬಾಂಬೆ ಹೈಕೋರ್ಟ್ ಒಪ್ಪಿದ ಸ್ಕೀಮಿನ ಪ್ರಕಾರ ಟ್ರಸ್ಟ್ ಆಸ್ಪತ್ರೆ ಶೇ. 10 ಹಾಸಿಗೆ ಕಡುಬಡವರಿಗೆ ಪುಕ್ಕಟೆ, ಇನ್ನು ಶೇ. 10 ಹಾಸಿಗೆ ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಇಡಬೇಕು. ಒಟ್ಟು ಬಿಲ್ಲಿನ ಶೇ. 2 ಆ ನಿಧಿಗೆ ಹಾಕಬೇಕು. ಆ ದುಡ್ಡು ಆ ರೋಗಿಗಳ ಚಿಕಿತ್ಸೆಗೆ ಮಾತ್ರ. 31 ಲಕ್ಷ 'ಸುಮ್ನೆ ಕೂತಿದೆ' ಅಂದಿರಲ್ಲ, ಅದನ್ನು ಓದಿ ನನಗೆ ಕಳವಳವಾಯಿತು. ಅಷ್ಟು ಉಳಿದಿದೆ ಅಂದರೆ ಬಡ ರೋಗಿಗಳು ನಿಮ್ಮಲ್ಲಿಗೆ ಬರುತ್ತಿಲ್ಲ, ಇಲ್ಲವೇ ಬಂದವರಿಗೆ ಯಾರೂ ಹೇಳುತ್ತಿಲ್ಲ. ಬಾಗಿಲಲ್ಲೇ ಮರಾಠಿಯಲ್ಲಿ ದೊಡ್ಡ ಬೋರ್ಡ್ ಹಾಕಿಸಿ. ಕೌಂಟರಿನ ಹುಡುಗಿಯರಿಗೆ ಯಾವ ಕಾಗದ ಕೇಳಬೇಕು ಅಂತ ಕಲಿಸಿ.

ಹೋಟೆಲಿನವರ ಕೈಸಾಲವೂ ಸಾಲವೇ. ಮಹಾರಾಷ್ಟ್ರ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆಯ 36ಎ ಕಲಂ ಪ್ರಕಾರ ಟ್ರಸ್ಟಿನ ಹೆಸರಲ್ಲಿ ಯಾವ ಸಾಲ ಎತ್ತುವುದಕ್ಕೂ ಟ್ರಸ್ಟುಗಳ ಮೇಲ್ವಿಚಾರಣೆ ನೋಡುವ ಚಾರಿಟಿ ಕಮಿಷನರ್ ಅವರ ಅನುಮತಿ ಮೊದಲೇ ಬೇಕು. ಅಡಮಾನ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಬಡ್ಡಿ ಇಲ್ಲ ಅನ್ನುವುದರಿಂದ ವಿನಾಯಿತಿ ಸಿಗುವುದಿಲ್ಲ. ಅನುಮತಿ ಇಲ್ಲದೆ ಎತ್ತಿದರೆ ಹೊಣೆ ಆ ಹಿರಿಯರ ತಲೆಗೇ ಬರಬಹುದು. ಅರ್ಜಿಗೆ ಟ್ರಸ್ಟಿಗಳ ಠರಾವು, ಬ್ಯಾಂಕಿನ ಮಂಜೂರಾತಿ ಪತ್ರ, ಹಿಂದಿನ ವರ್ಷಗಳ ಆಡಿಟ್ ಆದ ಲೆಕ್ಕ, ಸಾಲ ತೀರಿಸುವ ಬಗೆ, ಎಲ್ಲಾ ಜೋಡಿಸಿ ಕೊಡಿ. ಸಮಯ ಹಿಡಿಯುತ್ತದೆ, ಅದಕ್ಕೇ ಬೇಗ ಶುರು ಮಾಡಿ.

ನಿಮ್ಮ ಶೆಡ್ಯೂಲ್ 8, ಶೆಡ್ಯೂಲ್ 9ರ ಲೆಕ್ಕ (ಟ್ರಸ್ಟುಗಳಿಗೆ ಆ ಕಾಯ್ದೆ ಹೇಳಿದ ಮಾದರಿ) ಬ್ಯಾಂಕಿನ ಹೊಸ ಹುಡುಗರಿಗೆ ಅರ್ಥವಾಗುವುದು ಕಷ್ಟ. ಅದರಲ್ಲಿ ನಿಧಿಗಳೆಲ್ಲಾ ಬೇರೆ ಬೇರೆ ಕೂತಿರುತ್ತವೆ. ಗಳಿಕೆ, ಖರ್ಚು, ಕೈಗೆ ಬಂದ ನಗದು, ಇಷ್ಟನ್ನು ಕಂಪನಿಗಳ ಮಾದರಿಯಲ್ಲಿ ಬೇರೆ ಹಾಳೆಯಲ್ಲಿ ಮಾಡಿಕೊಡಿ. ಐಪಿಎಫ್ ದುಡ್ಡನ್ನು ಅದರಲ್ಲಿ ಆಸ್ಪತ್ರೆಯ ನಗದು ಅಂತ ತೋರಿಸಬೇಡಿ.

ಆದಾಯ ತೆರಿಗೆಯಲ್ಲಿ ಒಂದು ತೊಡಕಿದೆ, ತುಂಬಾ ಜನ ಗಮನಿಸುವುದಿಲ್ಲ. ಟ್ರಸ್ಟ್ ತನ್ನ ಆದಾಯದ ಶೇ. 85 ಧರ್ಮಕಾರ್ಯಕ್ಕೆ ಬಳಸಬೇಕು ಅಲ್ವಾ? ಸಾಲದ ದುಡ್ಡಿನಿಂದ ಕೊಂಡ ಯಂತ್ರ ಆ ವರ್ಷದ ಬಳಕೆ ಅಂತ ಲೆಕ್ಕಕ್ಕೆ ಬರುವುದಿಲ್ಲ. ಅಸಲು ತೀರಿಸಿದ ವರ್ಷ ಬರುತ್ತದೆ. 2023ರ ತಿದ್ದುಪಡಿಯ ನಂತರ, ಯಂತ್ರ ಕೊಂಡ ವರ್ಷ ಮುಗಿದ ಮೇಲೆ ಐದು ವರ್ಷದೊಳಗೆ ತೀರಿಸಿದ ಅಸಲಿಗೆ ಮಾತ್ರ ಇದು ಸಿಗುತ್ತದೆ. ಕಂತು ಹಗುರ ಆಗಲಿ ಅಂತ ಏಳು ವರ್ಷದ ಸಾಲ ಮಾಡಿದರೆ ಕೊನೆಯ ಕಂತುಗಳಿಗೆ ಈ ಲಾಭ ಇಲ್ಲ.

ಬಜೆಟ್ಟಿನಲ್ಲಿ ಜಿಎಸ್‌ಟಿ ಸೇರಿಸಿದ್ದೀರಾ ನೋಡಿ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಹಾಗಾಗಿ ನೀವು ಕಟ್ಟಿದ್ದು ವಾಪಸ್ ಬರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಟಿಯಂಥ ಯಂತ್ರಗಳಿಗೆ ಶೇ. 12 ಇದ್ದದ್ದು ಶೇ. 5 ಆಗಿದೆ. ನಿಮ್ಮ ಕೊಟೇಶನ್ ಅದಕ್ಕಿಂತ ಹಳೆಯದಾದರೆ ಹೊಸದು ಕೇಳಿ.

ಸೇವಾ ಸಂಸ್ಥೆಗಳು ದುಡ್ಡು ಎತ್ತುವುದಕ್ಕೆ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಅಂತ ಒಂದಿದೆ. ಅಲ್ಲಿ ಬಡ್ಡಿಯೂ ಇಲ್ಲದ, ಅಸಲೂ ವಾಪಸ್ ಕೊಡಬೇಕಿಲ್ಲದ ಬಾಂಡ್ ಬಿಟ್ಟು ದುಡ್ಡು ಎತ್ತಬಹುದು. 2023ರ ಡಿಸೆಂಬರಿನಲ್ಲಿ ಮೊದಲು ಪಟ್ಟಿಯಾದದ್ದು ನಮ್ಮ ಬೆಂಗಳೂರಿನ ಉನ್ನತಿ ಸಂಸ್ಥೆ. ಕನಿಷ್ಠ 50 ಲಕ್ಷ ಎತ್ತಬೇಕು. ನಿಮ್ಮಲ್ಲಿ ಲೆಕ್ಕ ಬರೆಯುವುದಕ್ಕೆ ಇನ್ನೊಬ್ಬರು ಸೇರುವವರೆಗೂ ಅದರ ಗೊಡವೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ವರದಿಗಳ ಕೆಲಸ ಜಾಸ್ತಿ.


ಗದಗಿನ ಸೊಸೆ (ಡೊಂಬಿವಲಿ)

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಐಪಿಎಫ್ ಬಗ್ಗೆ ಸಿಎ ಸರ್ ಹೇಳಿದ್ದು ನೇರವಾಗಿ ನಾಟಿತು. ಬೋರ್ಡಿನ ಕೆಲಸ ಇದೇ ವಾರ ಮಾಡಿಸುತ್ತೇನೆ.

ಬ್ಯಾಂಕರ್ ಸರ್, ದುಡಿಯದಿರುವುದಕ್ಕೆ ದೇಣಿಗೆ ಎತ್ತಿ ಅಂದಿರಿ. ಮಾತು ಸರಿಯೇ. ಆದರೆ ದಾನಿಗಳು ಸ್ಪ್ರಿಂಕ್ಲರ್ ಪೈಪಿಗೆ ದುಡ್ಡು ಕೊಡುವುದಿಲ್ಲ ಸರ್. 'ಅಪ್ಪನ ಹೆಸರಲ್ಲಿ ಒಂದು ಯಂತ್ರ ಕೊಡುತ್ತೇವೆ, ಫಲಕ ಹಾಕಿಸಿ' ಅನ್ನುತ್ತಾರೆ. ಛಾವಣಿ ಮೇಲಿನ ಪೈಪಿನಲ್ಲಿ ಯಾರ ಹೆಸರು ಬರೆಯುವುದು? ಅವರ ಭಾವನೆ ನನಗೆ ಅರ್ಥವಾಗುತ್ತದೆ. ಏನು ಹೇಳಿ ಒಪ್ಪಿಸುವುದು ಅನ್ನುವುದೇ ತಿಳಿಯುತ್ತಿಲ್ಲ.


ಮಾಟುಂಗಾ ಮಾಜಿ ಬ್ಯಾಂಕರ್

ಮನೆಯವರ ದೇಣಿಗೆಗೆ ಲಿಫ್ಟ್ ಇಡಿ. ಲಿಫ್ಟಿಗೆ ಬಾಗಿಲಿದೆ, ಫಲಕಕ್ಕೆ ಜಾಗ ಇದೆ. ನೀವು ಇಲ್ಲಿ ಬರೆದ ಹಾಗೆಯೇ ಹೇಳಿ, ಬಾಣಂತಿಯನ್ನು ಕುರ್ಚಿಯಲ್ಲಿ ಎತ್ತಿಕೊಂಡು ಇಳಿಸುತ್ತೇವೆ ಅಂತ. ಆ ಮಾತು ಕೇಳಿ ಕೈ ಮುಚ್ಚಿಕೊಳ್ಳುವವರು ನಮ್ಮಲ್ಲಿ ಕಡಿಮೆ. ದೇಣಿಗೆ ಚೆಕ್ಕಿನಲ್ಲಿ, ಇಲ್ಲವೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಿ. ನಗದಿನಲ್ಲಿ 2,000 ದಾಟಿದರೆ ಕೊಟ್ಟವರಿಗೆ 80ಜಿ ತೆರಿಗೆ ವಿನಾಯಿತಿ ಸಿಗುವುದಿಲ್ಲ.

ಫೈರ್ ಕೆಲಸಕ್ಕೆ ಕಂಪನಿಗಳ ಸಿಎಸ್‌ಆರ್ ದುಡ್ಡು, ಅಂದರೆ ಸಮಾಜದ ಕೆಲಸಕ್ಕೆ ಅವರು ಖರ್ಚು ಮಾಡಬೇಕಾದ ದುಡ್ಡು ಕೇಳಿ. ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶ ನಿಮ್ಮ ಪಕ್ಕದಲ್ಲೇ ಇದೆ. 2016ರ ಮೇ ತಿಂಗಳಲ್ಲಿ ಅಲ್ಲಿ ಸ್ಫೋಟವಾಯಿತು, 2024ರ ಮೇ ತಿಂಗಳಲ್ಲಿ ಮತ್ತೆ ಆಯಿತು. ಬೆಂಕಿ ಅಂದರೆ ಏನು ಅಂತ ಆ ಕಾರ್ಖಾನೆಗಳವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅಂಥ ದಿನ ಗಾಯಾಳುಗಳು ಮೊದಲು ಓಡಿಬರುವುದು ಹತ್ತಿರದ ಆಸ್ಪತ್ರೆಗೆ. ನಿಮ್ಮಲ್ಲಿಗೆ ಎಷ್ಟು ಜನ ಬಂದರು ಅಂತ ರಿಜಿಸ್ಟರ್ ನೋಡಿ, ಆ ಪುಟವನ್ನೇ ಅರ್ಜಿಯ ಮೇಲಿಡಿ.


ಪುಣೆಯ ಸಿಎ

ಅದಕ್ಕೆ ಸೇರಿಸುತ್ತೇನೆ. ಟ್ರಸ್ಟಿಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಇರಬೇಕು, ಸಿಎಸ್‌ಆರ್-1 ಫಾರ್ಮ್ ತುಂಬಿ ನಂಬರ್ ತೆಗೆದುಕೊಂಡಿರಬೇಕು. 2021ರ ನಿಯಮದ ಪ್ರಕಾರ ಸಿಎಸ್‌ಆರ್ ದುಡ್ಡಿನಿಂದ ಆದ ಆಸ್ತಿ ಕಂಪನಿಯ ಹೆಸರಲ್ಲಿ ಇರುವಂತಿಲ್ಲ. ಆ ನಂಬರ್ ಇರುವ ಟ್ರಸ್ಟಿನ ಹೆಸರಲ್ಲಿ ಇರಬಹುದು. ಇದು ನಿಮಗೆ ಅನುಕೂಲ. ಕಂಪನಿ ತನ್ನ ಸುತ್ತಮುತ್ತಲಿನ ಊರಿಗೆ ಮೊದಲ ಆದ್ಯತೆ ಕೊಡಬೇಕು ಅಂತ ಕಾನೂನಿನಲ್ಲೇ ಇದೆ, ಅದನ್ನು ಪತ್ರದಲ್ಲಿ ಬರೆಯಿರಿ.

ವರ್ಷಕ್ಕೆ 50 ಲಕ್ಷದೊಳಗೆ ಸಿಎಸ್‌ಆರ್ ಇರುವ ಕಂಪನಿಗೆ ಬೇರೆ ಕಮಿಟಿ ಬೇಕಿಲ್ಲ, ಡೈರೆಕ್ಟರುಗಳೇ ತೀರ್ಮಾನ ಮಾಡುತ್ತಾರೆ. ಎಂಐಡಿಸಿಯಲ್ಲಿ ಅಂಥವರನ್ನು ಹುಡುಕಿ. ದೊಡ್ಡ ಕಂಪನಿಯ ಎಚ್‌ಆರ್ ಬಾಗಿಲಲ್ಲಿ ಕಾಯುವುದಕ್ಕಿಂತ ಇದು ಬೇಗ. 58 ಲಕ್ಷ ಒಬ್ಬರಿಂದ ಕೇಳಬೇಡಿ. ಡಿಟೆಕ್ಟರ್ ಒಬ್ಬರಿಗೆ, ಮೆಟ್ಟಿಲು ಒಬ್ಬರಿಗೆ, ಪಂಪು ಪೈಪು ಇನ್ನೊಬ್ಬರಿಗೆ ಅಂತ ಭಾಗ ಮಾಡಿ. ಮಾರ್ಚಿನಲ್ಲಿ ಹೋಗಬೇಡಿ. ವರ್ಷದ ಯೋಜನೆ ಬರೆಯುವ ಹೊತ್ತಿಗೆ, ಏಪ್ರಿಲ್ ಮೇ ತಿಂಗಳಲ್ಲೇ ನಿಮ್ಮ ಪತ್ರ ಅವರ ಮೇಜಿನ ಮೇಲಿರಲಿ.


ಮಡಗಾಂವ್ ಬಯೋಮೆಡಿಕಲ್

ಗೋವಾದಲ್ಲಿ ಆಸ್ಪತ್ರೆಗಳ ಯಂತ್ರ ರಿಪೇರಿ, ಕಾಂಟ್ರಾಕ್ಟ್ ನೋಡುವುದು ನನ್ನ ಕೆಲಸ. ಅಕ್ಕಾ, ಪಾಲಿನ ಮೇಲೆ ಸಿಟಿ ಹಾಕುವ ಒಪ್ಪಂದದ ಬಗ್ಗೆ ಯಾರೂ ಹೇಳಲಿಲ್ಲ. ಅದು ಕೆಟ್ಟದ್ದೇನಲ್ಲ. ದಿನಕ್ಕೆ ಆರೇಳು ಸ್ಕ್ಯಾನ್ ಮಾತ್ರ ಇರುವ ಆಸ್ಪತ್ರೆಗೆ ಅದೇ ಸರಿ, ಸಾಲದ ಭಾರ ಇಲ್ಲ. ಆದರೆ ಕಾಗದ ಪೂರ್ತಿ ಓದಿ. 'ತಿಂಗಳಿಗೆ ಇಷ್ಟು ಸ್ಕ್ಯಾನಿನ ದುಡ್ಡು ಗ್ಯಾರಂಟಿ' ಅಂತ ಒಂದು ಸಾಲು ಇರುತ್ತದೆ. ಅದು ಇದ್ದರೆ ಬೇರೆ ಹೆಸರಿನ ಸಾಲವೇ ಅದು. ತೆಗೆಸಿ.

ಎಇಆರ್‌ಬಿ (ಎಕ್ಸ್‌ರೇ, ವಿಕಿರಣದ ಸುರಕ್ಷತೆ ನೋಡುವ ಕೇಂದ್ರದ ಮಂಡಳಿ) ಲೈಸೆನ್ಸ್ ಯಾರ ಹೆಸರಲ್ಲಿ, ರೇಡಿಯೇಶನ್ ಸೇಫ್ಟಿ ಆಫೀಸರ್ ಯಾರು, ಎಕ್ಸ್‌ರೇ ಟ್ಯೂಬ್ ಹೋದರೆ ಹಾಕಿಸುವವರು ಯಾರು, ಯಂತ್ರ ಎಷ್ಟು ದಿನ ನಿಂತರೆ ದಂಡ, ಇಷ್ಟನ್ನೂ ಬರೆಸಿ. ಸ್ವಂತ ಕೊಂಡರೂ ಟ್ಯೂಬ್ ಸಿಎಂಸಿಯೊಳಗೆ ಸೇರಿದೆಯಾ ಅಂತ ಕೇಳಿ, ಎಷ್ಟೋ ಕಡೆ ಅದನ್ನು ಹೊರಗಿಟ್ಟಿರುತ್ತಾರೆ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಶೇ. 10 ಪುಕ್ಕಟೆ ಹಾಸಿಗೆಯ ರೋಗಿಗೆ ರಾತ್ರಿ ಎರಡಕ್ಕೆ ಸ್ಕ್ಯಾನ್ ಬೇಕಾದರೆ ದುಡ್ಡು ಯಾರು ಕೊಡುತ್ತಾರೆ? ಸಪ್ಲೈಯರಿನ ಹುಡುಗ ಆ ಹೊತ್ತಿನಲ್ಲಿ ರಸೀದಿ ಕೇಳುತ್ತಾ ನಿಲ್ಲಬಾರದು. ಆ ರೋಗಿಗಳಿಗೆ ಇಷ್ಟು ದರ, ತಿಂಗಳ ಕೊನೆಗೆ ಆಸ್ಪತ್ರೆಯಿಂದ ಲೆಕ್ಕ, ಅಂತ ಮೊದಲೇ ಬರೆಸಿ.


ಗದಗಿನ ಸೊಸೆ (ಡೊಂಬಿವಲಿ)

ಇವತ್ತು ಕೂತು ರಿಜಿಸ್ಟರ್ ಎಣಿಸಿದೆ. ಕಲ್ಯಾಣಕ್ಕೆ ಸ್ಕ್ಯಾನಿಗೆ ಕಳಿಸಿದ್ದು ದಿನಕ್ಕೆ ಸರಾಸರಿ ಐದು. ಹನ್ನೆರಡಕ್ಕೆ ತುಂಬಾ ದೂರ. ಹಾಗಾಗಿ ಸಿಟಿಗೆ ಸಾಲದ ಮಾತು ಸದ್ಯ ಬಿಡುತ್ತೇವೆ. ಟ್ರಸ್ಟಿಗಳ ಸಭೆಗೆ ಫೈರ್ ಕೆಲಸ ಮತ್ತು ಲಿಫ್ಟ್ ಮಾತ್ರ ಇಡುತ್ತೇನೆ. ಅವರಿಗೂ ಜಾಮೀನಿನ ಭಯ ತಪ್ಪುತ್ತದೆ. ಎಂಐಡಿಸಿಯ ಕಂಪನಿಗಳಿಗೆ ಕೊಡುವ ಪತ್ರ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬರೆಯುತ್ತಿದ್ದೇನೆ. ಸಿಎ ಸರ್, ಕಳಿಸುವ ಮುಂಚೆ ನಿಮಗೆ ತೋರಿಸಲಾ?

ಮಡಗಾಂವ್ ತಮ್ಮಾ, ಪಾಲಿನ ಒಪ್ಪಂದದಲ್ಲಿ ಹತ್ತು ವರ್ಷ ಅಂತ ಹಾಕಿದ್ದಾರೆ. ಜಾಸ್ತಿ ಅಲ್ವಾ?


ಮಡಗಾಂವ್ ಬಯೋಮೆಡಿಕಲ್

ಜಾಸ್ತಿಯೇ ಅಕ್ಕಾ. ಐದಕ್ಕೆ ಇಳಿಸಿ ಕೇಳಿ. ಸ್ಕ್ಯಾನಿನ ಸಂಖ್ಯೆ ದಿನಕ್ಕೆ ಹನ್ನೆರಡು ದಾಟಿದರೆ ಯಂತ್ರವನ್ನು ನೀವೇ ಕೊಳ್ಳುವ ಹಕ್ಕು ಇರಲಿ. ಬೆಲೆ ಹೇಗೆ ಕಟ್ಟುತ್ತಾರೆ ಅನ್ನುವುದನ್ನೂ ಅಲ್ಲೇ ಬರೆಸಿ. ಒಪ್ಪದಿದ್ದರೆ ಇನ್ನಿಬ್ಬರನ್ನು ಕರೆಸಿ ಮಾತಾಡಿ, ಮುಂಬಯಿಯಲ್ಲಿ ಈ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಕಾಗದದ ಪ್ರತಿ ಕಳಿಸಿ, ನಾನೂ ಒಂದು ಸಲ ಓದುತ್ತೇನೆ.


ಪುಣೆಯ ಸಿಎ

ಪತ್ರ ಕಳಿಸಿ ಮೇಡಂ, ಶನಿವಾರದೊಳಗೆ ನೋಡಿ ಹೇಳುತ್ತೇನೆ. ಜೊತೆಗೆ ನಿಮ್ಮ ಸಿಎಸ್‌ಆರ್-1 ನಂಬರ್ ಬಂದಿದೆಯಾ ಅಂತಲೂ ತಿಳಿಸಿ. ಬಂದಿಲ್ಲದಿದ್ದರೆ ಮೊದಲು ಅದು ಆಗಬೇಕು.